ಮೊದಲ ಜಿಯೋಕ್ಯಾಶಿಂಗ್ ಜಿಪಿಎಸ್: ಕಡೆಯ ಹತ್ತು ಮೀಟರಿಗೆ ದುಡ್ಡು ಹಾಕಿ

ಯಾರೋ ಬಚ್ಚಿಟ್ಟ ಡಬ್ಬಿಯನ್ನು ಜಿಪಿಎಸ್ ಹಿಡಿದು ಹುಡುಕುವ ಆಟ ಜಿಯೋಕ್ಯಾಶಿಂಗ್. ಪರದೆಯ ಮೇಲೆ ಗುರಿಗೆ 9 ಮೀಟರ್ ಅಂತ ಇದೆ. ನಿಲ್ಲುತ್ತೀರಿ. ಬಾಣ ಬಲಕ್ಕೆ ತೋರಿಸುತ್ತಿದೆ, ನೀವೂ ಬಲಕ್ಕೆ ತಿರುಗುತ್ತೀರಿ. ಬಾಣ ಈಗಲೂ ನಿಮ್ಮ ಬಲಗೈ ಕಡೆಗೇ. ಮತ್ತೆ ತಿರುಗಿದರೆ ಮತ್ತೆ ಬಲಕ್ಕೇ. ನಾಲ್ಕು ಸಲ ತಿರುಗುವಷ್ಟರಲ್ಲಿ ಹೊರಟ ದಿಕ್ಕಿಗೇ ಮುಖ ಮಾಡಿ ನಿಂತಿರುತ್ತೀರಿ, ಡಬ್ಬಿ ಮಾತ್ರ ಎಲ್ಲೋ ಪೊದೆಯೊಳಗೆ ತಣ್ಣಗೆ ಕೂತಿರುತ್ತದೆ. ಉಪಕರಣ ಕೆಟ್ಟಿಲ್ಲ. ಅದರೊಳಗೆ ದಿಕ್ಸೂಚಿ ಇಲ್ಲ, ಅಷ್ಟೇ.

ದಿಕ್ಸೂಚಿ ಇಲ್ಲದ ಜಿಪಿಎಸ್‌ಗೆ ನೀವು ಎಲ್ಲಿದ್ದೀರಿ ಅಂತ ಗೊತ್ತು, ಯಾವ ಕಡೆ ಮುಖ ಮಾಡಿದ್ದೀರಿ ಅಂತ ಗೊತ್ತಿಲ್ಲ. ಹಿಂದಿನ ಕ್ಷಣ ಎಲ್ಲಿದ್ದಿರಿ, ಈಗ ಎಲ್ಲಿದ್ದೀರಿ ಎಂಬುದನ್ನು ನೋಡಿ ದಿಕ್ಕನ್ನು ಊಹಿಸುತ್ತದೆ. ನಡೆಯುತ್ತಿದ್ದಾಗ ಸರಿ, ನಿಂತ ಕೂಡಲೇ ಆ ಊಹೆಗೆ ಆಧಾರವೇ ಇಲ್ಲ. ಕಾರಿಗೆ, ಟ್ರೆಕ್ಕಿಂಗಿಗೆ ಇದು ಕೊರತೆ ಅನ್ನಿಸುವುದೇ ಇಲ್ಲ. ಆದರೆ ಜಿಯೋಕ್ಯಾಶಿಂಗ್‌ನಲ್ಲಿ ಆಟ ಶುರುವಾಗುವುದೇ ನೀವು ನಿಂತ ಮೇಲೆ. ಹಾಗಾಗಿ ಕಡಿಮೆ ಬಜೆಟ್ಟಿನಲ್ಲಿ ಮೊದಲ ಉಪಕರಣ ಕೊಳ್ಳುವವರು ಮೊದಲು ನೋಡಬೇಕಾದ್ದು ಎರಡೇ: ಎಲೆಕ್ಟ್ರಾನಿಕ್ ದಿಕ್ಸೂಚಿ ಇದೆಯೇ, ಕ್ಯಾಶ್‌ನ ವಿವರಣೆ, ಸುಳಿವು, ಹಿಂದೆ ಬಂದವರ ಟಿಪ್ಪಣಿ ಎಲ್ಲ ಅದರೊಳಗೆ ಇಳಿಯುತ್ತದೆಯೇ. ಬಣ್ಣದ ಪರದೆ, ನಕ್ಷೆ, ಎತ್ತರ ಅಳೆಯುವ ಬಾರೋಮೀಟರ್ ಎಲ್ಲ ಆಮೇಲಿನ ಮಾತು. (ಮನೆಯವರಿಗೆ ಮೊದಲೇ ಹೇಳಿಬಿಡಿ: ಇಲ್ಲಿ ಕ್ಯಾಶ್ ಅಂದರೆ ದುಡ್ಡಲ್ಲ, ಬಚ್ಚಿಟ್ಟ ಡಬ್ಬಿ.)

ಈ ಆಟ ಹುಟ್ಟಿದ್ದು ಅಮೆರಿಕದಲ್ಲಿ. ಡಬ್ಬಿಗಳು ದಟ್ಟವಾಗಿರುವುದು ಅಲ್ಲಿ ಮತ್ತು ಯುರೋಪಿನಲ್ಲಿ. ಬೆಂಗಳೂರಿನಲ್ಲೂ ಕ್ಯಾಶ್‌ಗಳಿವೆ, ಆದರೆ ಅಲ್ಲಿಯ ಹಾಗೆ ಹೆಜ್ಜೆಗೊಂದು ಸಿಗುವುದಿಲ್ಲ. ಆದ್ದರಿಂದ ಇಲ್ಲಿನ ಬೆಲೆಗಳೆಲ್ಲ ಅಮೆರಿಕದಲ್ಲಿ ಬಿಡುಗಡೆಯಾದಾಗಿನ ಡಾಲರ್ ಬೆಲೆ. ಅಂಗಡಿಗಳಲ್ಲಿ, ಹಬ್ಬದ ಸೇಲ್‌ಗಳಲ್ಲಿ ಹೆಚ್ಚುಕಡಿಮೆ ಇದ್ದೇ ಇರುತ್ತದೆ.

ಮೊದಲು ಫೋನಿನಲ್ಲೇ ಹತ್ತು ಹುಡುಕಿ

ಇದನ್ನು ಯಾವ ಅಂಗಡಿಯವರೂ ಹೇಳುವುದಿಲ್ಲ. ಊರೊಳಗಿನ ಸುಲಭದ ಕ್ಯಾಶ್‌ಗಳಿಗೆ ಈಗಿನ ಫೋನ್ ಧಾರಾಳವಾಗಿ ಸಾಕು. ಉಚಿತ ಖಾತೆಯಲ್ಲಿ ಜಿಯೋಕ್ಯಾಶಿಂಗ್‌ನ ಅಧಿಕೃತ ಆ್ಯಪ್ ಎಲ್ಲ ಕ್ಯಾಶ್‌ಗಳನ್ನೂ ಪೂರ್ತಿ ತೆರೆದು ತೋರಿಸುವುದಿಲ್ಲ, ಆದರೆ ರುಚಿ ಹತ್ತಿತೋ ಇಲ್ಲವೋ ತಿಳಿಯಲು ಅಷ್ಟು ಸಾಕು. ಫೋನ್ ಸೋಲುವುದು ಬೇರೆ ಕಡೆ. ಮಳೆಯಲ್ಲಿ ಒದ್ದೆ ಬೆರಳಿಗೆ ಪರದೆ ಸ್ಪಂದಿಸುವುದಿಲ್ಲ, ನಡುಹಗಲ ಬಿಸಿಲಲ್ಲಿ ಏನೂ ಕಾಣುವುದಿಲ್ಲ, ಕೈಗವಸು ಹಾಕಿದರೆ ಕೆಲಸ ಮಾಡುವುದಿಲ್ಲ. ನಾಲ್ಕೈದು ಗಂಟೆ ಪರದೆ ಉರಿಸಿಕೊಂಡು ನಡೆದರೆ, ಕಾಲು ಉಳುಕಿದಾಗ ಕರೆ ಮಾಡಬೇಕಾದ ಬ್ಯಾಟರಿಯೇ ಖಾಲಿಯಾಗಿರುತ್ತದೆ. ಈ ಪೈಕಿ ಎರಡು ತೊಂದರೆಯಾದರೂ ನಿಮಗೆ ನಿಜವಾಗಿ ಎದುರಾದರೆ ಬೇರೆ ಉಪಕರಣ ಕೊಳ್ಳಿ. ಇಲ್ಲದಿದ್ದರೆ ಆ ದುಡ್ಡು ಪೆಟ್ರೋಲಿಗಿರಲಿ.

ಹೊಸದಾದರೆ: ಇಟ್ರೆಕ್ಸ್ ಎಸ್‌ಇ

ಜಿಪಿಎಸ್ ತಯಾರಿಸುವ ಗಾರ್ಮಿನ್ ಕಂಪನಿ 2023ರಲ್ಲಿ ತಂದ ಇಟ್ರೆಕ್ಸ್ ಎಸ್‌ಇ ಬಿಡುಗಡೆಯಾದದ್ದು 149.99 ಡಾಲರಿಗೆ. ಈ ಬೆಲೆಯಲ್ಲಿ ದಿಕ್ಸೂಚಿ ಇರುವ ಹೊಸ ಉಪಕರಣ ಸಿಗುವುದೇ ದೊಡ್ಡದು. ಇದಕ್ಕೆ ಮೊದಲು ಇದೇ ಸಾಲಿನಲ್ಲಿ ದಿಕ್ಸೂಚಿ ಬೇಕೆಂದರೆ ಇಟ್ರೆಕ್ಸ್ 32ಎಕ್ಸ್‌ವರೆಗೆ, ಅಂದರೆ 299.99 ಡಾಲರ್‌ವರೆಗೆ ಹತ್ತಬೇಕಿತ್ತು.

ಪರದೆ 2.2 ಇಂಚು, ಕಪ್ಪು ಬಿಳುಪು. ಅಂಗಡಿಯ ದೀಪದಡಿ ನೋಡಿದರೆ ಇಪ್ಪತ್ತು ವರ್ಷದ ಹಿಂದಿನ ಕ್ಯಾಲ್ಕುಲೇಟರಿನಂತೆ ಕಾಣುತ್ತದೆ. ಹೊರಗೆ ತನ್ನಿ, ಬಿಸಿಲು ಹೆಚ್ಚಾದಷ್ಟೂ ಅಕ್ಷರ ಗಟ್ಟಿಯಾಗುತ್ತದೆ. ಹೊರಗಿನ ಬೆಳಕನ್ನೇ ಬಳಸುವ ಪರದೆಯಾದ್ದರಿಂದ ಬ್ಯಾಕ್‌ಲೈಟ್ ಬೇಕಾಗುವುದು ಮರಗಳ ದಟ್ಟ ನೆರಳಲ್ಲಿ, ಇಲ್ಲವೇ ಸಂಜೆಯ ಮೇಲೆ. ಎರಡು ಎಎ ಸೆಲ್ಲುಗಳಲ್ಲಿ 168 ಗಂಟೆ ಅನ್ನುತ್ತದೆ ಕಂಪನಿ. ಫೋನಿನ ಜೊತೆ ಬ್ಲೂಟೂತ್ ಜೋಡಿಸಿ, ಬ್ಯಾಕ್‌ಲೈಟ್ ಉರಿಸಿ, ಆಗಾಗ ಹೊಸ ಕ್ಯಾಶ್ ಇಳಿಸುತ್ತಿದ್ದರೆ ಅಷ್ಟು ಬರುವುದಿಲ್ಲ. ಆದರೂ 25 ಗಂಟೆಗೆ ಸೆಲ್ ಮುಗಿಸುತ್ತಿದ್ದ ಹಳೆಯ ಇಟ್ರೆಕ್ಸ್‌ಗಳ ಮುಂದೆ ಇದು ಬೇರೆಯದೇ ಲೆಕ್ಕ. ಕೇಬಲ್ ಯುಎಸ್‌ಬಿ-ಸಿ, ಫೋನಿನದೇ ಆಗುತ್ತದೆ.

ಕ್ಯಾಶ್‌ಗಳು ಬರುವುದು ಫೋನಿನ ಮೂಲಕ. ಗಾರ್ಮಿನ್ ಎಕ್ಸ್‌ಪ್ಲೋರ್ ಆ್ಯಪ್ ಹಾಕಿ, ಉಪಕರಣವನ್ನು ಜೋಡಿಸಿ, ನಿಮ್ಮ ಜಿಯೋಕ್ಯಾಶಿಂಗ್ ಖಾತೆಗೆ ನೋಂದಾಯಿಸಿದರೆ ಸುತ್ತಲಿನ ಕ್ಯಾಶ್‌ಗಳು ವಿವರಣೆ, ಸುಳಿವು ಸಮೇತ ಬಂದು ಕೂರುತ್ತವೆ. ಇಲ್ಲೇ ಒಂದು ಎಚ್ಚರಿಕೆ. ಇದೆಲ್ಲ ನಡೆಯುವುದು ಫೋನಿಗೆ ಇಂಟರ್ನೆಟ್ ಇದ್ದಾಗ ಮಾತ್ರ. ಕಾಡಿನ ಬಾಯಲ್ಲಿ ಕಾರು ನಿಲ್ಲಿಸಿ ಇಳಿಸಿಕೊಳ್ಳೋಣ ಅಂದರೆ ಸಿಗ್ನಲ್ ಇರುವುದಿಲ್ಲ. ಹಿಂದಿನ ರಾತ್ರಿಯೇ ಮನೆಯಲ್ಲಿ ಇಳಿಸಿಕೊಂಡು, ಎರಡು ಮೂರು ಕ್ಯಾಶ್ ತೆರೆದು ಸುಳಿವಿನ ಪುಟ ನಿಜವಾಗಿ ಬಂದಿದೆಯೇ ನೋಡಿ ಮಲಗಿ.

ದೊಡ್ಡ ಕೊರತೆ, ಇದರಲ್ಲಿ ನಕ್ಷೆ ಇಲ್ಲ. ಬಾಣ ತೋರಿಸುವುದು ಕಾಗೆ ಹಾರುವ ದಾರಿಯನ್ನು. ಗುರಿಗೆ 120 ಮೀಟರ್ ಅನ್ನುತ್ತದೆ, ನಡುವೆ ಹೊಳೆ ಇದೆ, ಸೇತುವೆ ಒಂದು ಕಿಲೋಮೀಟರ್ ಹಿಂದೆ ಉಳಿದಿದೆ ಎಂಬುದನ್ನು ಹೇಳುವುದಿಲ್ಲ. ಹೊರಡುವ ಮೊದಲು ಫೋನಿನ ನಕ್ಷೆಯಲ್ಲಿ ಒಮ್ಮೆ ಕಣ್ಣಾಡಿಸಿ ಎಲ್ಲಿಂದ ಹತ್ತಬೇಕು, ಹೊಳೆಯ ಯಾವ ದಂಡೆ ಅಂತ ನೋಡಿಕೊಂಡರೆ ಮುಕ್ಕಾಲು ತೊಂದರೆ ತಪ್ಪುತ್ತದೆ. ದಿನವಿಡೀ ಕಾಡುಹಾದಿಯಲ್ಲೇ ಇರುವವರಿಗೆ ಇದು ಸಾಲದು.

ನಕ್ಷೆ ಬೇಕೇ ಬೇಕು ಅನ್ನುವವರಿಗೆ

2019ರ ಇಟ್ರೆಕ್ಸ್ 22ಎಕ್ಸ್ 199.99 ಡಾಲರಿಗೆ ಬಂತು: ಬಣ್ಣದ ಪರದೆ, 8 ಜಿಬಿ ಜಾಗ, ಮೊದಲೇ ತುಂಬಿದ ಟೊಪೊ ನಕ್ಷೆ (ನೆಲದ ಏರಿಳಿತ ತೋರಿಸುವುದು), ಮೈಕ್ರೋ ಎಸ್‌ಡಿ ಕಾರ್ಡಿಗೆ ಜಾಗ. ದಿಕ್ಸೂಚಿ ಮಾತ್ರ ಇಲ್ಲ. ಮೊದಲ ಸಾಲಿನಲ್ಲಿ ಬಾಣದ ಜೊತೆ ಗಿರಗಿರ ತಿರುಗಿದ್ದು ಇಂಥದ್ದನ್ನು ಹಿಡಿದವರೇ. ಅದೇ ಮೈಕಟ್ಟಿನ 32ಎಕ್ಸ್‌ನಲ್ಲಿ ಮೂರು ಅಕ್ಷದ ದಿಕ್ಸೂಚಿ, ಬಾರೋಮೀಟರ್ ಎರಡೂ ಇವೆ, ನೂರು ಡಾಲರ್ ಹೆಚ್ಚು. ಡಬ್ಬಿ ಹುಡುಕುವವರಿಗೆ ಬಾರೋಮೀಟರ್ ಯಾತಕ್ಕೂ ಬೇಡ, ಆದರೆ ದಿಕ್ಸೂಚಿ ಬೇಕೆಂದರೆ ಅದನ್ನೂ ಕೊಂಡೇ ತೀರಬೇಕು. ಕಾಸಿಗೆ ತಕ್ಕ ಕಜ್ಜಾಯ ಅನ್ನುವಂತಿಲ್ಲ, ಒಂದು ಕಜ್ಜಾಯಕ್ಕೆ ಎರಡರ ಕಾಸು. ಎರಡರಲ್ಲೂ ಓಪನ್‌ಸ್ಟ್ರೀಟ್‌ಮ್ಯಾಪ್ ಆಧಾರಿತ ಉಚಿತ ನಕ್ಷೆಗಳನ್ನು ಕಾರ್ಡಿನ ಗಾರ್ಮಿನ್ ಫೋಲ್ಡರಿಗೆ ಹಾಕಿಕೊಳ್ಳಬಹುದು, ಆದ್ದರಿಂದ ನಕ್ಷೆಗೆಂದು ಬೇರೆ ದುಡ್ಡು ಕೊಡಬೇಡಿ.

2011ರ ಇಟ್ರೆಕ್ಸ್ 10 ಈಗಲೂ ಅಗ್ಗವಾಗಿ ಕಣ್ಣಿಗೆ ಬೀಳುತ್ತದೆ. ನಕ್ಷೆ ಹಾಕುವಂತಿಲ್ಲ, ದಿಕ್ಸೂಚಿ ಇಲ್ಲ, ಮೆಮರಿ ಕೆಲವೇ ಎಂಬಿ. ಎಸ್‌ಇ ಬಂದ ಮೇಲೆ ಇದನ್ನು ಹೊಸದಾಗಿ ಕೊಳ್ಳಲು ಕಾರಣವೇ ಉಳಿದಿಲ್ಲ.

ಇನ್ನು ದುಬಾರಿ ‘ಮಲ್ಟಿಬ್ಯಾಂಡ್’ ಉಪಕರಣದ ಆಸೆ. ಉಪಗ್ರಹದ ಸಿಗ್ನಲ್ಲನ್ನು ಎರಡು ತರಂಗಾಂತರದಲ್ಲಿ ಹಿಡಿಯುವ ಜಿಪಿಎಸ್‌ಮ್ಯಾಪ್ 65 ಬಂದಾಗ 349.99 ಡಾಲರ್ ಇತ್ತು. ನಿಖರತೆ ಹೆಚ್ಚು, ನಿಜ. ಆದರೆ ಡಬ್ಬಿ ಇಟ್ಟವರ ಉಪಕರಣದ ತಪ್ಪು ನಿಮ್ಮ ತಪ್ಪಿಗೆ ಸೇರುತ್ತದೆಯಲ್ಲ? ಅವರದು 4 ಮೀಟರ್, ನಿಮ್ಮದು 4 ಮೀಟರ್ ಅಂದುಕೊಳ್ಳಿ. ಎರಡೂ ಸೇರಿದಾಗ ಸಾಮಾನ್ಯವಾಗಿ 5.7 ಮೀಟರ್ ಆಸುಪಾಸು (ವರ್ಗಗಳನ್ನು ಕೂಡಿ ವರ್ಗಮೂಲ ತೆಗೆಯುವ ಶಾಲೆಯ ಲೆಕ್ಕ). ದುಬಾರಿ ಉಪಕರಣ ಕೊಂಡು ನಿಮ್ಮದನ್ನು 2 ಮೀಟರಿಗೆ ಇಳಿಸಿದಿರಿ. ಒಟ್ಟು 4.5. ಇನ್ನೂರು ಡಾಲರ್ ಹೆಚ್ಚು ಕೊಟ್ಟು ಗಳಿಸಿದ್ದು ಒಂದು ಮೀಟರ್ ಚಿಲ್ಲರೆ. ನೀವೇ ಡಬ್ಬಿ ಇಡಲು ಶುರುಮಾಡಿದಾಗ ಇದು ಬೇರೆ ಮಾತು, ಹುಡುಕುವ ಮೊದಲ ವರ್ಷಕ್ಕೆ ಬೇಡ.

ಹಳೆಯದು ಕೊಳ್ಳುವಾಗ ಕೊನೆಯ ಅಕ್ಷರ ಓದಿ

ನೂರು ಡಾಲರಿಗಿಂತ ಕೆಳಗೆ ಹುಡುಕುವವರಿಗೆ ಸೆಕೆಂಡ್‌ಹ್ಯಾಂಡೇ ದಾರಿ, ಅಲ್ಲಿ ಒಳ್ಳೆಯ ಮಾಲೂ ಇದೆ. ಇಟ್ರೆಕ್ಸ್ 30 ಮತ್ತು 30ಎಕ್ಸ್, ಜಿಪಿಎಸ್‌ಮ್ಯಾಪ್ 62ಎಸ್ ಮತ್ತು 64ಎಸ್, ಡಕೋಟಾ 20 ಇವುಗಳಲ್ಲಿ ದಿಕ್ಸೂಚಿಯೂ ಇದೆ, ಕ್ಯಾಶ್ ವಿವರವೂ ಇಳಿಯುತ್ತದೆ. ಇಟ್ರೆಕ್ಸ್ 20, ಡಕೋಟಾ 10, ‘ಎಸ್’ ಇಲ್ಲದ 62 ಮತ್ತು 64 ಇವುಗಳಲ್ಲಿ ದಿಕ್ಸೂಚಿ ಇಲ್ಲ. ಫೋಟೋದಲ್ಲಿ ಎರಡೂ ಅವಳಿಗಳ ಹಾಗಿರುತ್ತವೆ, ಮಾರುವವರೂ ಎಷ್ಟೋ ಸಲ ಅಕ್ಷರ ಬಿಟ್ಟೇ ಬರೆದಿರುತ್ತಾರೆ. ಉಪಕರಣದ ಮುಖದ ಮೇಲೆ ಅಚ್ಚಾಗಿರುವ ಹೆಸರಿನ ಫೋಟೋ ಕೇಳಿ ತರಿಸಿಕೊಳ್ಳಿ.

2006ರ ಜಿಪಿಎಸ್‌ಮ್ಯಾಪ್ 60ಸಿಎಸ್‌ಎಕ್ಸ್ ಬಗ್ಗೆ ಹಳಬರಿಗೆ ಇನ್ನೂ ಪ್ರೀತಿ. ಮರದಡಿಯಲ್ಲಿ ಸಿಗ್ನಲ್ ಹಿಡಿಯುವುದರಲ್ಲಿ ಅದು ಇವತ್ತಿಗೂ ಗಟ್ಟಿ. ಆದರೆ ಅದರಲ್ಲಿ ಇಳಿಯುವುದು ಕ್ಯಾಶ್‌ನ ಹೆಸರು ಮತ್ತು ಸ್ಥಾನ ಮಾತ್ರ, ವಿವರಣೆಯನ್ನು ಕಾಗದದಲ್ಲಿ ಒಯ್ಯಬೇಕು. ಹಳದಿ ಬಣ್ಣದ ಇಟ್ರೆಕ್ಸ್ ಎಚ್‌ಗೆ ಯುಎಸ್‌ಬಿಯೇ ಇಲ್ಲ, ಸೀರಿಯಲ್ ಕೇಬಲ್ ಬೇಕು. ಇಪ್ಪತ್ತು ಡಾಲರಿಗೆ ಕೊಟ್ಟರೂ ಬೇಡ.

ಕೈಗೆ ಬಂದ ಮೇಲೆ ಹೀಗೆ ಪರೀಕ್ಷಿಸಿ. ಸೆಲ್ ಮುಚ್ಚಳ ತೆಗೆದು ಸ್ಪ್ರಿಂಗ್ ನೋಡಿ. ಹಸಿರು, ಬಿಳಿ ಪುಡಿ ಕಂಡರೆ ಸೆಲ್ ಸೋರಿದೆ ಅಂತ ಅರ್ಥ, ಬೆಲೆ ಇಳಿಸಿ ಅಥವಾ ಬಿಟ್ಟುಬಿಡಿ. ಅಂಚಿನ ರಬ್ಬರ್ ಪಟ್ಟಿಯನ್ನು ಉಗುರಿನಿಂದ ಒತ್ತಿ. ಇಟ್ರೆಕ್ಸ್ ಸಾಲಿನ ಹಳೆಯ ಲೆಜೆಂಡ್ ಎಚ್‌ಸಿಎಕ್ಸ್, ವಿಸ್ಟಾ ಎಚ್‌ಸಿಎಕ್ಸ್ ಮಾದರಿಗಳಲ್ಲಿ ಅಂಟು ಬಿಟ್ಟು ಅದು ಸಡಿಲವಾಗುವುದು ತೀರಾ ಸಾಮಾನ್ಯ, ಗುಂಡಿಗಳೂ ಅದರಡಿಯಲ್ಲೇ ಇರುವುದರಿಂದ ಒತ್ತಿದ್ದು ತಾಗುವುದಿಲ್ಲ. ಜಾಯ್‌ಸ್ಟಿಕ್ ಅನ್ನು ನಾಲ್ಕೂ ಕಡೆ ತಳ್ಳಿ, ನಡುವೆ ಒತ್ತಿ. ಆಮೇಲೆ ಬಯಲಲ್ಲಿ ಇಪ್ಪತ್ತು ನಿಮಿಷ ಇಟ್ಟು ಉಪಗ್ರಹದ ಪುಟ ನೋಡಿ. ದಿನಾಂಕ ಇಪ್ಪತ್ತು ವರ್ಷ ಹಿಂದಿನದು ತೋರಿಸಿದರೆ ಗಾಬರಿ ಬೇಡ: ಜಿಪಿಎಸ್ ವಾರಗಳ ಎಣಿಕೆ 1024ಕ್ಕೊಮ್ಮೆ ಸೊನ್ನೆಗೆ ಮರಳುತ್ತದೆ, ಕಳೆದ ಸಲ ಮರಳಿದ್ದು 2019ರ ಏಪ್ರಿಲ್ 6ರಂದು. ಅಪ್‌ಡೇಟ್ ಸಿಗದ ಹಳೆಯ ಉಪಕರಣಗಳು ಅಲ್ಲೇ ಎಡವಿವೆ. ಸ್ಥಾನ ಸರಿಯಾಗಿಯೇ ತೋರಿಸುತ್ತವೆ, ದಿನಾಂಕವನ್ನು ಮಾತ್ರ ನಂಬಬೇಡಿ.

ಪೆಟ್ಟಿಗೆ ತೆರೆದ ದಿನವೇ ಮಾಡಬೇಕಾದ ಸೆಟ್ಟಿಂಗ್

ಹೊಸಬರ ಅರ್ಧಕ್ಕರ್ಧ ಸೋಲು ಇಲ್ಲೇ ಆಗುತ್ತದೆ, ಕಾಡಿನಲ್ಲಲ್ಲ. ಕ್ಯಾಶ್‌ನ ಸ್ಥಾನ ಬರೆಯುವುದು ಡಿಗ್ರಿ ಮತ್ತು ದಶಮಾಂಶ ನಿಮಿಷದಲ್ಲಿ. ಅಮೆರಿಕ ಸರ್ಕಾರ ಜಿಪಿಎಸ್ ಸಿಗ್ನಲ್ಲನ್ನು ಬೇಕೆಂದೇ ಕೆಡಿಸುವುದನ್ನು ನಿಲ್ಲಿಸಿದ ಮರುದಿನವೇ, 2000ದ ಮೇ 3ರಂದು, ಡೇವ್ ಅಲ್ಮರ್ ಓರೆಗಾನ್‌ನ ಬೀವರ್‌ಕ್ರೀಕ್ ಹತ್ತಿರ ಮೊದಲ ಬಕೆಟ್ ಬಚ್ಚಿಟ್ಟರು. ಅದರ ಸ್ಥಾನ ಉತ್ತರ 45° 17.460', ಪಶ್ಚಿಮ 122° 24.800'. ಈ 17.460ನ್ನು ಯಾರಾದರೂ 17 ನಿಮಿಷ 46.0 ಸೆಕೆಂಡ್ ಎಂದು ಒತ್ತಿದರೆ? ನಿಜವಾದ 0.460 ನಿಮಿಷ ಅಂದರೆ 27.6 ಸೆಕೆಂಡ್. 18.4 ಸೆಕೆಂಡಿನ ವ್ಯತ್ಯಾಸ, ನೆಲದ ಮೇಲೆ ಸುಮಾರು 570 ಮೀಟರ್ ಉತ್ತರಕ್ಕೆ. ಅದನ್ನೇ 45.17460 ಡಿಗ್ರಿ ಎಂದು ಒತ್ತಿದರೆ ಹದಿಮೂರು ಕಿಲೋಮೀಟರ್ ದಕ್ಷಿಣಕ್ಕೆ ಹೋಗಿರುತ್ತೀರಿ. ಪೊಸಿಷನ್ ಫಾರ್ಮ್ಯಾಟ್‌ನಲ್ಲಿ ಡಿಗ್ರಿಯ ನಂತರ ನಿಮಿಷಕ್ಕೆ ಮೂರು ದಶಮಾಂಶ ಇರುವ ಆಯ್ಕೆಯನ್ನೇ ಇಡಿ. ಆ ಮೂರನೇ ದಶಮಾಂಶದ ಒಂದು ಅಂಕಿ ಉತ್ತರ ದಕ್ಷಿಣಕ್ಕೆ 1.85 ಮೀಟರ್. ಕಡೆಯ ಅಂಕಿ ತಪ್ಪಿದರೂ ಡಬ್ಬಿ ಸಿಗಬಹುದು, ಮೊದಲನೆಯದು ತಪ್ಪಿದರೆ ಇಲ್ಲ.

ಡೇಟಮ್, ಅಂದರೆ ಸ್ಥಾನ ಅಳೆಯಲು ಆಧಾರವಾಗಿ ಹಿಡಿಯುವ ಭೂಮಿಯ ಮಾದರಿ, ಡಬ್ಲ್ಯುಜಿಎಸ್ 84 ಇರಲಿ. ಹಳೆಯ ಉಪಕರಣದ ಹಿಂದಿನ ಮಾಲೀಕರು ಕಾಗದದ ನಕ್ಷೆಗೆಂದು ಉತ್ತರ ಅಮೆರಿಕದ ಹಳೆಯ ಡೇಟಮ್ ಎನ್‌ಎಡಿ 27 ಇಟ್ಟು ಮರೆತಿದ್ದರೆ ಓರೆಗಾನ್ ಕಡೆ ಸುಮಾರು ನೂರು ಮೀಟರ್ ಜಾರುತ್ತದೆ. ನಕ್ಷೆ ಇರುವ ಮಾದರಿಗಳಲ್ಲಿ ಇನ್ನೆರಡು ಬಲೆಗಳಿವೆ. ‘ಲಾಕ್ ಆನ್ ರೋಡ್’ ಚಾಲೂ ಇದ್ದರೆ ನೀವು ಪೊದೆಯೊಳಗಿದ್ದರೂ ಚುಕ್ಕೆ ರಸ್ತೆಗೇ ಅಂಟಿಕೊಂಡಿರುತ್ತದೆ. ರೂಟಿಂಗ್ ಕಾರಿನ ಬಗೆಯಲ್ಲಿದ್ದರೆ ಕ್ಯಾಶ್‌ಗೆ ಹತ್ತಿರದ ರಸ್ತೆಯ ಬದಿಗೆ ಕರೆದೊಯ್ದು ‘ತಲುಪಿದಿರಿ’ ಅನ್ನುತ್ತದೆ. ಮೊದಲನೆಯದನ್ನು ಆಫ್ ಮಾಡಿ, ಎರಡನೆಯದನ್ನು ನೇರ ದಾರಿಗೆ ಇಡಿ. 22ಎಕ್ಸ್, 32ಎಕ್ಸ್‌ಗಳಿಗೆ ಕಂಪ್ಯೂಟರಿನಿಂದ ಹಾಕುವಾಗ ಕ್ಯಾಶ್‌ಗಳ ಮಾಹಿತಿ ಇರುವ ಜಿಪಿಎಕ್ಸ್ ಫೈಲು ಗಾರ್ಮಿನ್ ಫೋಲ್ಡರಿನ ಒಳಗಿರುವ ಜಿಪಿಎಕ್ಸ್ ಫೋಲ್ಡರಿಗೇ ಹೋಗಬೇಕು. ಜಿಪ್ ಬಿಚ್ಚದೆ ಹಾಗೇ ಹಾಕಿದರೆ ಕಾಣುವುದಿಲ್ಲ. ಒಮ್ಮೆಗೇ ಸಾವಿರ ಕ್ಯಾಶ್‌ವರೆಗೆ ಕಟ್ಟಿ ಕೊಡುವ ಪಾಕೆಟ್ ಕ್ವೆರಿ ಹಣ ಕಟ್ಟಿದ ಸದಸ್ಯರಿಗೆ ಮಾತ್ರ, ಬಜೆಟ್ಟಿನಲ್ಲಿ ಆ ವಾರ್ಷಿಕ ಶುಲ್ಕವನ್ನೂ ಸೇರಿಸಿಕೊಳ್ಳಿ.

ಸೆಲ್ ಬಗೆಯನ್ನೂ ಹೇಳಬೇಕು. ರೀಚಾರ್ಜ್ ಆಗುವ ನಿಕ್ಕಲ್ ಸೆಲ್ 1.2 ವೋಲ್ಟ್, ಆಲ್ಕಲೈನ್ 1.5. ಸೆಟ್ಟಿಂಗ್ ಆಲ್ಕಲೈನ್‌ನಲ್ಲೇ ಉಳಿದರೆ ತುಂಬಿದ ಸೆಲ್ ಹಾಕಿದರೂ ಅರ್ಧ ಖಾಲಿ ಅನ್ನುತ್ತದೆ. ಹಿಮ ಬೀಳುವ ಚಳಿಗೆ ಲಿಥಿಯಂ ಎಎ ಒಳ್ಳೆಯದು. ತಿಂಗಳುಗಟ್ಟಲೆ ಕಪಾಟಿನಲ್ಲಿಡುವಾಗ ಸೆಲ್ ತೆಗೆದಿಡಿ.

ಕಡೆಯ ಹತ್ತು ಮೀಟರ್

ದಿಕ್ಸೂಚಿಯನ್ನು ಸೆಲ್ ಬದಲಿಸಿದಾಗಲೆಲ್ಲ, ದೂರದ ಊರಿಗೆ ಹೋದಾಗಲೆಲ್ಲ ಕ್ಯಾಲಿಬ್ರೇಟ್ ಮಾಡಿ, ಅಂದರೆ ಮೆನುವಿನಲ್ಲಿ ಹೇಳಿದಂತೆ ಸರಿಹೊಂದಿಸಿ. ಕಾರಿನ ಪಕ್ಕ, ಕಬ್ಬಿಣದ ಬೇಲಿಯ ಹತ್ತಿರ, ವಿದ್ಯುತ್ ತಂತಿಯ ಕೆಳಗೆ ಮಾಡಿದರೆ ತಪ್ಪು ದಿಕ್ಕನ್ನೇ ಕಲಿಯುತ್ತದೆ. ಮ್ಯಾಗ್ನೆಟ್ ಇರುವ ಫೋನ್ ಕೇಸನ್ನು ಅದೇ ಕೈಯಲ್ಲಿ ಹಿಡಿದರೂ ಬಾಣ ಓಲಾಡುತ್ತದೆ.

ಹಿಡಿಯುವ ರೀತಿಯೂ ಮುಖ್ಯ. ಇಟ್ರೆಕ್ಸ್‌ಗಳ ಆಂಟೆನಾ ಚಪ್ಪಟೆಯದು, ಪರದೆ ಆಕಾಶ ನೋಡುವಂತೆ ಅಂಗೈಯಲ್ಲಿ ಮಲಗಿಸಿ ಹಿಡಿಯಿರಿ. ತಲೆಯ ಮೇಲೆ ಮೋಟು ಕೊಂಬಿರುವ ಜಿಪಿಎಸ್‌ಮ್ಯಾಪ್‌ನ ಆಂಟೆನಾ ಸುರುಳಿ, ಅದನ್ನು ನೆಟ್ಟಗೆ ಹಿಡಿಯಬೇಕು. ಸೊಂಟದ ಪೌಚಿನಲ್ಲಿ ಹಾಕಿಕೊಂಡರೆ ನಿಮ್ಮ ಮೈಯೇ ಅರ್ಧ ಆಕಾಶವನ್ನು ಮರೆಮಾಡುತ್ತದೆ.

ಬಿರುಸಾಗಿ ನಡೆದು ಬಂದರೆ ಪರದೆಯ ಅಂಕಿ ನಿಮ್ಮ ಹಿಂದೆ ಉಳಿದಿರುತ್ತದೆ. 3 ಮೀಟರ್ ಅಂದದ್ದು ನಿಂತ ಹತ್ತು ಸೆಕೆಂಡಿಗೆ 14 ಆಗುತ್ತದೆ, ತಿರುಗಿ ಬಂದರೆ ಮತ್ತೆ ಆಚೆ ಓಡುತ್ತದೆ. 30 ಮೀಟರ್ ಇದ್ದಾಗಲೇ ಹೆಜ್ಜೆ ನಿಧಾನಿಸಿ, 10ರಲ್ಲಿ ನಿಂತು ಒಂದು ನಿಮಿಷ ಬಿಡಿ. ಮರಗಳು ದಟ್ಟವಾಗಿದ್ದು ಅಂಕಿ ನಿಲ್ಲದಿದ್ದರೆ 25 ಮೀಟರ್ ಹಿಂದೆ ಸರಿದು, ಬಾಣ ತೋರಿಸುವ ನೇರದಲ್ಲಿ ಒಂದು ಗುರುತಿನ ಮರ ಹಿಡಿದುಕೊಳ್ಳಿ. ಪಕ್ಕಕ್ಕೆ ಕಾಲು ಸುತ್ತು ಬಂದು ಇನ್ನೊಂದು ನೇರ ಹಿಡಿಯಿರಿ. ಎರಡೂ ಗೆರೆ ಕೂಡುವ ಜಾಗದಲ್ಲಿ ಉಪಕರಣ ಜೇಬಿಗೆ ಹಾಕಿ. ಅಲ್ಲಿಂದ ಮುಂದೆ ಕಣ್ಣಿನ ಕೆಲಸ: ನೆಟ್ಟಗೆ ಸಾಲಾಗಿ ಜೋಡಿಸಿದ ಕಡ್ಡಿಗಳು, ತಳದಲ್ಲಿ ಪಾಚಿ ಇಲ್ಲದ ಕಲ್ಲು, ಮರದ ಪೊಟರೆ. ಬೆರಳ ತುದಿಯಷ್ಟಿರುವ ನ್ಯಾನೋ ಡಬ್ಬಿಗೆ ಕಂಬ, ಬೆಂಚಿನ ತಳ ಸವರಿ ನೋಡಿ.

ನೀವೇ ಡಬ್ಬಿ ಇಡುವ ದಿನ ಬಂದರೆ ಒಂದೇ ಸಲ ಗುರುತು ಹಾಕಿ ಬರಬೇಡಿ. ಒಂದೇ ಜಾಗವನ್ನು ಹಲವು ಸಲ ಅಳೆದು ಸರಾಸರಿ ತೆಗೆಯುವ ವೇಪಾಯಿಂಟ್ ಆವರೇಜ್ ಇದೆ, 90 ನಿಮಿಷಕ್ಕೆ ಕಡಿಮೆಯಿಲ್ಲದ ಅಂತರದಲ್ಲಿ ನಾಲ್ಕರಿಂದ ಎಂಟು ಸಲ ತೆಗೆಯಿರಿ ಅನ್ನುತ್ತದೆ ಗಾರ್ಮಿನ್ ಕೈಪಿಡಿ. ಉಪಗ್ರಹಗಳ ಜಾಗ ಅಷ್ಟು ಹೊತ್ತಿಗೆ ಬದಲಾಗಿರುತ್ತದೆ.

ಊರಿಗೆ ಒಯ್ಯುವವರಿಗೆ

ವಿದೇಶದಿಂದ ರಜೆಗೆ ಬೆಂಗಳೂರಿಗೆ ಬರುವಾಗ ಬ್ಯಾಗಿಗೆ ಹಾಕಿಕೊಳ್ಳುವ ಮುನ್ನ ಇಲ್ಲೂ ಕೊನೆಯ ಅಕ್ಷರ ಓದಿ. ಜಿಪಿಎಸ್‌ಮ್ಯಾಪ್ 66ಐ, 67ಐ, ಮೊಂಟಾನಾ 700ಐ ಹೀಗೆ ‘ಐ’ ಇದ್ದರೆ ಅದರಲ್ಲಿ ಇನ್‌ರೀಚ್ ಇದೆ, ಉಪಗ್ರಹಕ್ಕೆ ಸಂದೇಶ ಕಳಿಸುತ್ತದೆ. ದೂರಸಂಪರ್ಕ ಇಲಾಖೆಯ ಅನುಮತಿ ಇಲ್ಲದೆ ಇಂಥದ್ದನ್ನು ಭಾರತಕ್ಕೆ ತರುವಂತಿಲ್ಲ, ವಿಮಾನ ನಿಲ್ದಾಣದಲ್ಲಿ ವಿದೇಶಿ ಪ್ರವಾಸಿಗರನ್ನು ತಡೆದು ಕೇಸು ಹಾಕಿದ್ದೂ ಇದೆ. ಎಸ್‌ಇ, 22ಎಕ್ಸ್, 32ಎಕ್ಸ್ ಉಪಗ್ರಹದ ಮಾತನ್ನು ಕೇಳುತ್ತವೆ, ತಿರುಗಿ ಮಾತಾಡುವುದಿಲ್ಲ.

ಸಾವಿರಾರು ಮೈಲಿ ಹಾರಿ ಬಂದ ಉಪಕರಣ ಮೊದಲ ಸಲ ತಡಕಾಡುತ್ತದೆ. ಯಾವ ಉಪಗ್ರಹ ಯಾವಾಗ ಎಲ್ಲಿರುತ್ತದೆ ಎಂಬ ಪೂರ್ತಿ ಪಂಚಾಂಗ ಇಳಿಯಲು ಹನ್ನೆರಡೂವರೆ ನಿಮಿಷ ಬೇಕು, ನಡುವೆ ಸಿಗ್ನಲ್ ತಪ್ಪಿದರೆ ಇನ್ನಷ್ಟು. ಕ್ಯಾಬಿನ ಕಿಟಕಿಗೆ ಒತ್ತಿ ಹಿಡಿದು ಬೈಯುವ ಬದಲು ಮನೆಯ ಟೆರೇಸಿನ ಮೇಲೆ ಮಲಗಿಸಿ ಕೆಳಗೆ ಬನ್ನಿ. ಕಾಫಿ ಸೋಸಿ, ಕುಡಿದು, ಲೋಟ ತೊಳೆದಿಡುವ ಹೊತ್ತಿಗೆ ಅದು ಸಿದ್ಧವಾಗಿರುತ್ತದೆ.